ಉಜ್ಜುವ ಮುನ್ನ ನೆನೆಸಿ: ಋತು ತಿರುಗುವಾಗ ಚರ್ಮದ ಸತ್ತ ಪದರವನ್ನು ಮೃದುವಾಗಿ ತೆಗೆಯುವ ಬಗೆ

ದೀಪಾವಳಿ ಕಳೆದು, ಹಿಂಗಾರಿನ ಕೊನೆಯ ಮಳೆಯೂ ನಿಂತು, ಮೂಡಗಾಳಿ ಬೀಸತೊಡಗಿದ ಕೆಲವೇ ದಿನಗಳಲ್ಲಿ ಮೊಣಕಾಲ ಕೆಳಗಿನ ಚರ್ಮದ ಮೇಲೆ ಉಗುರಿನಿಂದ ಗೀರಿದರೆ ಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆ ಮೂಡುತ್ತದೆ. ಮಕ್ಕಳು ಅದರ ಮೇಲೆ ಹೆಸರು ಬರೆದು ಆಡುತ್ತಾರೆ. ದೊಡ್ಡವರು ಅದನ್ನು ಕೊಳೆಯೆಂದು ತಿಳಿದು ಬಚ್ಚಲಿಗೆ ಹೋಗಿ ಬಲವಾಗಿ ಉಜ್ಜುತ್ತಾರೆ. ಉಜ್ಜಿದ ದಿನ ಮೈ ನುಣುಪಾಗಿ ಕಾಣುತ್ತದೆ, ಮೂರನೆಯ ದಿನಕ್ಕೆ ಮೊದಲಿಗಿಂತ ಹೆಚ್ಚು ಬಿರಿಯುತ್ತದೆ, ಆಗ ಇನ್ನಷ್ಟು ಬಲವಾಗಿ ಉಜ್ಜುವುದು ಮೊದಲಾಗುತ್ತದೆ. ಈ ಸುತ್ತಿನಿಂದ ಹೊರಬರುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಋತು ಬದಲಾಗುವಾಗ ಚರ್ಮಕ್ಕೆ ಮೊದಲು ಬೇಕಾದದ್ದು ನೀರು, ಆಮೇಲೆ ಆ ನೀರನ್ನು ಹಿಡಿದಿಡುವ ಎಣ್ಣೆ ಅಥವಾ ಕ್ರೀಮು. ಉಜ್ಜುವಿಕೆ ಬರುವುದು ಎಲ್ಲಕ್ಕಿಂತ ಕೊನೆಯಲ್ಲಿ, ಅದೂ ಎಲ್ಲಕ್ಕಿಂತ ಕಡಿಮೆ ಪ್ರಮಾಣದಲ್ಲಿ.

ಹೊಟ್ಟು ಏಳುವುದಕ್ಕೆ ಕಾರಣ

ಚರ್ಮದ ಅತಿ ಹೊರಗಿನ ಪದರದಲ್ಲಿ ಹದಿನೈದಿಪ್ಪತ್ತು ಸಾಲುಗಳಷ್ಟು ಚಪ್ಪಟೆಯಾದ ಸತ್ತ ಕೋಶಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುತ್ತವೆ. ಸತ್ತ ಕೋಶಗಳು ಎಂದ ಮಾತ್ರಕ್ಕೆ ಅವು ಕಸವಲ್ಲ. ಒಳಗಿನ ನೀರು ಆರಿಹೋಗದಂತೆ, ಹೊರಗಿನ ಸೋಂಕು ಒಳನುಗ್ಗದಂತೆ ತಡೆಯುವ ಮಾಡು, ಅಂದರೆ ಛಾವಣಿ, ಅವೇ ಆಗಿವೆ. ಕೆಳಗೆ ಹುಟ್ಟಿದ ಒಂದು ಕೋಶ ಮೇಲೇರಿ ಬಂದು ಉದುರಿಹೋಗಲು ಪ್ರಾಯದವರಲ್ಲಿ ಸುಮಾರು 28 ದಿನಗಳು ಬೇಕಾಗುತ್ತವೆ, ವಯಸ್ಸಾದಂತೆ ಈ ಅವಧಿ 40 ದಿನಗಳಿಗೂ ಮೀರಿ ಹಿಗ್ಗುತ್ತದೆ. ಅಂದರೆ, ನಾವು ಏನೂ ಮಾಡದಿದ್ದರೂ ಚರ್ಮ ತನ್ನ ಹಳೆಯ ಪದರವನ್ನು ತಾನೇ ಕಳಚಿಕೊಳ್ಳುತ್ತಿರುತ್ತದೆ.

ಈ ಕೋಶಗಳನ್ನು ಪರಸ್ಪರ ಹಿಡಿದಿಟ್ಟಿರುವ ಬೆಸುಗೆಯನ್ನು ಚರ್ಮದಲ್ಲೇ ಇರುವ ಕೆಲವು ಕಿಣ್ವಗಳು (ಎಂಜೈಮ್‌ಗಳು) ಕರಗಿಸುತ್ತವೆ, ಆಗ ಕೋಶಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉದುರುತ್ತವೆ. ಆದರೆ ಕಿಣ್ವಗಳು ಕೆಲಸ ಮಾಡಬೇಕಾದರೆ ಆ ಪದರದಲ್ಲಿ ನೀರಿನ ಅಂಶ ಇರಬೇಕು. ಗಾಳಿ ಒಣಗಿದಾಗ ಪದರವೂ ಒಣಗುತ್ತದೆ, ಕಿಣ್ವಗಳು ಮಂದವಾಗುತ್ತವೆ, ಬೆಸುಗೆ ಕರಗದೆ ಉಳಿಯುತ್ತದೆ. ಒಂದೊಂದಾಗಿ ಉದುರಬೇಕಾಗಿದ್ದ ಕೋಶಗಳು ಗುಂಪುಗುಂಪಾಗಿ ಅಂಟಿಕೊಂಡು ಹೊಟ್ಟಿನಂತೆ ಏಳುತ್ತವೆ. ನಾವು ಕೊಳೆ ಎಂದುಕೊಳ್ಳುವ ಬಿಳಿ ಗೆರೆ ಇದೇ. ಹೀಗಿರುವಾಗ ಒಣಗಿದ ಪದರವನ್ನು ಒಣಗಿದ ಸ್ಥಿತಿಯಲ್ಲೇ ಉಜ್ಜಿ ಕಿತ್ತರೆ ಹೊಟ್ಟಿನ ಜೊತೆಗೆ ಇನ್ನೂ ಉದುರಲು ಸಿದ್ಧವಾಗಿರದ ಕೋಶಗಳೂ ಹೋಗುತ್ತವೆ, ಮಾಡು ಅಲ್ಲಲ್ಲಿ ತೂತಾಗುತ್ತದೆ, ಒಳಗಿನ ನೀರು ಮತ್ತಷ್ಟು ವೇಗವಾಗಿ ಆರುತ್ತದೆ. ಅದೇ ಪದರಕ್ಕೆ ನೀರುಣಿಸಿ ಮೇಲೆ ಕ್ರೀಮು ಹಚ್ಚಿದರೆ ಕಿಣ್ವಗಳೇ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಸಿಕೊಡುತ್ತವೆ.

ಋತುಸಂಧಿಯ ಹದಿನಾಲ್ಕು ದಿನಗಳು

ಆಯುರ್ವೇದದ ಋತುಚರ್ಯೆಯಲ್ಲಿ ಒಂದು ಋತುವಿನ ಕೊನೆಯ ಏಳು ದಿನಗಳನ್ನೂ ಮುಂದಿನ ಋತುವಿನ ಮೊದಲ ಏಳು ದಿನಗಳನ್ನೂ ಸೇರಿಸಿ ಋತುಸಂಧಿ ಎಂದು ಕರೆಯಲಾಗಿದೆ. ಹಳೆಯ ಋತುವಿನ ರೂಢಿಗಳನ್ನು ಒಮ್ಮೆಗೇ ಬಿಡದೆ, ಹೊಸ ಋತುವಿನವನ್ನು ಒಮ್ಮೆಗೇ ಹಿಡಿಯದೆ, ಕ್ರಮಕ್ರಮವಾಗಿ ಬದಲಿಸಿಕೊಳ್ಳಬೇಕೆಂಬುದು ಅಲ್ಲಿನ ವಿಧಿ. ಚರ್ಮದ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ವೇಳಾಪಟ್ಟಿ ನನಗೆ ಕಂಡಿಲ್ಲ. ಪಂಚಾಂಗ ನೋಡಿ ದಿನ ಲೆಕ್ಕ ಹಾಕಬೇಕಾಗಿಲ್ಲ. ಸ್ನಾನವಾದ ಅರ್ಧ ಗಂಟೆಯೊಳಗೆ ಕೆನ್ನೆ ಬಿಗಿದಂತಾದರೆ, ಒಗೆದ ಬಟ್ಟೆ ಹಿಂದಿನ ವಾರಕ್ಕಿಂತ ಬೇಗ ಒಣಗತೊಡಗಿದರೆ, ಸಂಧಿಕಾಲ ಬಂತೆಂದು ತಿಳಿಯಬಹುದು. ವಿಜಯಪುರ, ಕಲಬುರಗಿ, ಬೀದರ್ ಕಡೆಯವರಿಗೆ ಇದು ಬೇಗ ಬರುತ್ತದೆ ಮತ್ತು ತೀವ್ರವಾಗಿ ಬರುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಕಡಲ ತೇವದಿಂದಾಗಿ ಹಲವರಿಗೆ ಇದರ ಅನುಭವವೇ ಆಗದಿರಬಹುದು. ಅಂಥವರು ಈ ಬರಹದ ಅರ್ಧದಷ್ಟನ್ನು ಮಾತ್ರ ಪಾಲಿಸಿದರೂ ಸಾಕು. ಬೆಂಗಳೂರಿನಲ್ಲಿ ಚಳಿ ಹೆಚ್ಚಿರುವುದು ಡಿಸೆಂಬರ್–ಜನವರಿಯಲ್ಲಾದರೂ ಗಾಳಿ ಅತ್ಯಂತ ಒಣಗಿರುವುದು ಫೆಬ್ರವರಿ–ಮಾರ್ಚ್‌ನಲ್ಲಿ ಎಂಬುದನ್ನು ಅಲ್ಲಿಯವರು ನೆನಪಿಡಬೇಕು. ಚಳಿಗಾಲದಲ್ಲಿ ಮನೆಯೊಳಗೆ ದಿನವಿಡೀ ಹೀಟರ್ ಉರಿಸುವ ದೇಶಗಳಲ್ಲಿರುವ ಕನ್ನಡಿಗರಿಗೆ ಹೀಟರ್ ಹಚ್ಚಿದ ಮೊದಲ ದಿನವೇ ಸಂಧಿಕಾಲ.

ಮೊದಲ ಏಳು ದಿನ ಏನನ್ನೂ ಉಜ್ಜಬಾರದು. ಈ ವಾರದಲ್ಲಿ ಮಾಡಬೇಕಾದದ್ದು ಮೂರೇ ಬದಲಾವಣೆಗಳು. ಸ್ನಾನದ ನೀರನ್ನು ಸುಡುವಷ್ಟು ಬಿಸಿಯಿಂದ ಉಗುರುಬೆಚ್ಚಗಿನ ಹದಕ್ಕೆ ತಂದು, ಸ್ನಾನವನ್ನು ಹತ್ತು ನಿಮಿಷಗಳೊಳಗೆ ಮುಗಿಸಬೇಕು. ಹಂಡೆಯ ಬಿಸಿನೀರನ್ನು ಮಾಗಿಯ ಬೆಳಗಿನಲ್ಲಿ ಹದಕ್ಕೆ ತರುವುದು ಹೇಳಿದಷ್ಟು ಸುಲಭವಲ್ಲವೆಂಬುದು ನಿಜ, ಆದರೆ ಸುಡುನೀರು ಚರ್ಮದ ಸಹಜ ಜಿಡ್ಡನ್ನು ತೊಳೆದು ತೆಗೆದುಬಿಡುತ್ತದೆ. ಎರಡನೆಯದಾಗಿ, ಸಾಬೂನನ್ನು ಕಂಕುಳು, ತೊಡೆಸಂದು, ಪಾದಗಳಿಗೆ ಸೀಮಿತಗೊಳಿಸಬೇಕು. ಚರ್ಮದ ಮೇಲ್ಮೈ ಸ್ವಭಾವತಃ ತುಸು ಆಮ್ಲೀಯವಾಗಿದ್ದು ಅದರ ಪಿಎಚ್ (ಆಮ್ಲ-ಕ್ಷಾರಗಳ ಅಳತೆ) 4.5ರಿಂದ 5.5ರ ಆಸುಪಾಸಿನಲ್ಲಿದ್ದರೆ, ಮಾಮೂಲಿ ಸಾಬೂನಿನದು 9ರಿಂದ 10 ಇರುತ್ತದೆ. ಒಣಗಿದ ಕೈಕಾಲುಗಳಿಗೆ ದಿನವೂ ಇದನ್ನು ಹಚ್ಚುವ ಅಗತ್ಯವಿಲ್ಲ. ಮೂರನೆಯದಾಗಿ, ಮೈ ಒರೆಸಿಕೊಂಡು ಇನ್ನೂ ತುಸು ಒದ್ದೆಯಿರುವಾಗಲೇ, ಅಂದರೆ ಮೂರು ನಿಮಿಷಗಳೊಳಗೆ, ಕ್ರೀಮು ಅಥವಾ ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಬೇಕು. ಮೊಡವೆ ಬರುವವರು ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಬಾರದು, ಅದು ರಂಧ್ರಗಳನ್ನು ಕಟ್ಟಿಸುತ್ತದೆ. ಅವರಿಗೆ ಗ್ಲಿಸರಿನ್ ಇರುವ ತೆಳು ಲೋಷನ್ ಸಾಕು.

ಏಳನೆಯ ದಿನ ಮತ್ತೆ ಉಗುರಿನಿಂದ ಮೆಲ್ಲಗೆ ಗೀರಿ ನೋಡಿದರೆ ಬಹಳಷ್ಟು ಮಂದಿಗೆ ಬಿಳಿ ಗೆರೆ ಕಾಣುವುದಿಲ್ಲ. ಅವರ ಪಾಲಿಗೆ ಕೆಲಸ ಅಲ್ಲಿಗೇ ಮುಗಿಯಿತು, ಉಜ್ಜಲೇಬೇಕೆಂಬ ನಿಯಮವೇನಿಲ್ಲ. ಗೆರೆ ಇನ್ನೂ ಕಾಣುವವರು, ಚರ್ಮ ತಡವಿದಾಗ ಒರಟಾಗಿರುವವರು, ಹಚ್ಚಿದ ಕ್ರೀಮು ಒಳಗಿಳಿಯದೆ ಸುರುಳಿಸುರುಳಿಯಾಗಿ ಕಿತ್ತುಬರುವವರು ಎರಡನೆಯ ವಾರದಲ್ಲಿ ಒಮ್ಮೆ ಮಾತ್ರ ಸತ್ತ ಪದರವನ್ನು ತೆಗೆಯಬಹುದು. ಚರ್ಮ ಕೆಂಪಾಗಿ ಉರಿಯುತ್ತಿದ್ದರೆ, ನೀರು ತಾಗಿದರೂ ಚುರುಗುಟ್ಟುತ್ತಿದ್ದರೆ ಅದನ್ನೂ ಮುಂದೂಡಬೇಕು.

ಹಿಟ್ಟಿನಿಂದ ತೆಗೆಯುವ ವಿಧಾನ

ಮನೆಯಲ್ಲಿರುವ ವಸ್ತುಗಳ ಪೈಕಿ ಹೆಸರಿಟ್ಟಿಗೆ, ಅಂದರೆ ಹೆಸರುಬೇಳೆಯ ಹಿಟ್ಟಿಗೆ, ನನ್ನ ಮೊದಲ ಮತ. ಕಡಲೆಹಿಟ್ಟು ಜಿಡ್ಡನ್ನು ಹೆಚ್ಚು ಹೀರುವುದರಿಂದ ಅದನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ಲೇಸು. ಹೆಸರುಬೇಳೆಯನ್ನು ಮಿಕ್ಸಿಯಲ್ಲಿ ಪುಡಿಮಾಡಿದರೆ ಜರಡಿಯಲ್ಲಿ ಇಳಿದರೂ ಅದರಲ್ಲಿ ಮೊನಚಾದ ಕಣಗಳು ಉಳಿದಿರುತ್ತವೆ. ಆದುದರಿಂದ ಹಳೆಯ ಮಲ್ಲು ಬಟ್ಟೆಯಲ್ಲಿ ಸೋಸಿ, ವೈದ್ಯರು ವಸ್ತ್ರಗಾಳಿತ ಎನ್ನುವ ನಯಕ್ಕೆ ತಂದುಕೊಳ್ಳಬೇಕು. ಎರಡು ಬೆರಳ ನಡುವೆ ಹಿಡಿದು ತಿಕ್ಕಿದಾಗ ಮುಖಕ್ಕೆ ಹಾಕುವ ಪೌಡರಿನಂತೆ ಜಾರಬೇಕು, ರವೆಯಂತೆ ತರಿ ಸಿಗಬಾರದು.

ಮುಖ ಮತ್ತು ಕತ್ತಿಗೆ ಎರಡು ಚಮಚ ಹಿಟ್ಟು, ಎರಡು ಚಮಚ ಹುಳಿಯಿಲ್ಲದ ಗಟ್ಟಿ ಮೊಸರು ಸಾಕು. ಚರ್ಮ ತೀರಾ ಒಣಗಿದ್ದರೆ ಮೊಸರಿನ ಬದಲು ಹಾಲಿನ ಕೆನೆ ಬಳಸಬಹುದು. ಮೊದಲು ಮುಖಕ್ಕೆ ಉಗುರುಬೆಚ್ಚಗಿನ ನೀರು ಚಿಮುಕಿಸಿ ಎರಡು ನಿಮಿಷ ನೆನೆಯಲು ಬಿಟ್ಟು, ಮಿಶ್ರಣವನ್ನು ತೆಳ್ಳಗೆ ಬಳಿದು ಐದು ನಿಮಿಷ ಇರಬೇಕು. ಅದು ಪೂರ್ತಿ ಒಣಗಿ ಬಿರುಕುಬಿಡುವವರೆಗೆ ಕಾಯುವ ರೂಢಿ ಹಲವರಲ್ಲಿದೆ, ಅದು ತಪ್ಪು. ಒಣಗಿದ ಹಿಟ್ಟು ಚರ್ಮದಲ್ಲಿದ್ದ ನೀರನ್ನೂ ಎಳೆದುಕೊಳ್ಳುತ್ತದೆ, ಅದನ್ನು ತೆಗೆಯಲು ಮತ್ತೆ ತಿಕ್ಕಬೇಕಾಗುತ್ತದೆ. ಇನ್ನೂ ಹಸಿಯಿರುವಾಗಲೇ ಕೈ ಒದ್ದೆ ಮಾಡಿಕೊಂಡು, ಬೆರಳ ತುದಿಗಳ ಮೆತ್ತನೆಯ ಭಾಗದಿಂದ, ಅರ್ಧ ನಿಮಿಷದಷ್ಟು ಹೊತ್ತು ಸುತ್ತುಸುತ್ತಾಗಿ ಸವರಿ ತೊಳೆಯಬೇಕು. ಮಾಗಿದ ಬಾಳೆಹಣ್ಣಿನ ಮೇಲೆ ಬೆರಳಾಡಿಸಿದರೆ ಸಿಪ್ಪೆ ಕಂದದಿರುವಷ್ಟು ಒತ್ತಡವೇ ಸರಿಯಾದ ಒತ್ತಡ. ಕಣ್ಣಿನ ಸುತ್ತ, ತುಟಿಯ ಅಂಚು, ಮೂಗಿನ ಪಕ್ಕದ ಬಿರುಕುಗಳನ್ನು ಬಿಟ್ಟುಬಿಡಬೇಕು. ತೊಳೆದ ಕೂಡಲೇ ಟವೆಲನ್ನು ಒತ್ತಿ ನೀರು ತೆಗೆದು ಕ್ರೀಮು ಹಚ್ಚಬೇಕು.

ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ ಸುಮಾರು ಶೇಕಡಾ ಒಂದರಷ್ಟಿರುತ್ತದೆ. ಅಂಗಡಿಯಲ್ಲಿ ಸಿಗುವ, ಮುಖಕ್ಕೆ ಹಚ್ಚುವ ತೆಳು ದ್ರವಗಳಾದ ಸೀರಮ್‌ಗಳಲ್ಲಿ ಅದು ಶೇಕಡಾ 5ರಿಂದ 10ರವರೆಗೆ ಇರುವುದುಂಟು. ಹಾಗಾಗಿ ಮೊಸರಿನಿಂದ ಪವಾಡವನ್ನೂ ನಿರೀಕ್ಷಿಸಬೇಕಾಗಿಲ್ಲ, ಅನಾಹುತಕ್ಕೂ ಹೆದರಬೇಕಾಗಿಲ್ಲ. ನಿಂಬೆರಸದ ಮಾತು ಬೇರೆ. ಅದರ ಪಿಎಚ್ 2ರ ಸಮೀಪದ್ದು, ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಅದರಲ್ಲಿರುವ ಕೆಲವು ಪದಾರ್ಥಗಳು ಬೆಳಕಿನೊಡನೆ ಸೇರಿ ಚರ್ಮವನ್ನು ಸುಟ್ಟು, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಮಾಡಬಲ್ಲವು. ಸಕ್ಕರೆ, ಉಪ್ಪು, ಕಾಫಿಪುಡಿ, ಅಕ್ರೋಟು ಚಿಪ್ಪಿನ ಪುಡಿಗಳ ಅಂಚು ಹರಿತವಾಗಿರುವುದರಿಂದ ಅವನ್ನು ಮುಖಕ್ಕೆ ತಾಗಿಸದಿರುವುದೇ ಒಳ್ಳೆಯದು.

ಹಸುಗೂಸುಗಳಿಗೆ ಕಡಲೆಹಿಟ್ಟಿನ ಉಂಡೆ ಉರುಳಿಸಿ ಮೈಮೇಲಿನ ನವಿರು ಕೂದಲು ತೆಗೆಯುವ ರೂಢಿ ಇನ್ನೂ ಹಲವು ಮನೆಗಳಲ್ಲಿದೆ. ಆ ಕೂದಲು ಕೆಲವು ವಾರಗಳಲ್ಲಿ ತಾನಾಗಿ ಉದುರುತ್ತದೆ. ಮಗುವಿನ ಚರ್ಮದ ಪದರ ದೊಡ್ಡವರದಕ್ಕಿಂತ ತೆಳುವಾದ್ದರಿಂದ ಅದಕ್ಕೆ ಯಾವ ಬಗೆಯ ಉಜ್ಜುವಿಕೆಯೂ ಸಲ್ಲದು.

ಎಣ್ಣೆಸ್ನಾನದ ಜಾಣ್ಮೆ

ನರಕ ಚತುರ್ದಶಿಯ ಎಣ್ಣೆಸ್ನಾನ ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೂ, ಯುಗಾದಿಯದು ಚಳಿ ಮುಗಿದು ಬಿಸಿಲೇರುವ ಹೊತ್ತಿಗೂ ಬರುವುದು ಗಮನಾರ್ಹ. ಅದರ ಕ್ರಮದಲ್ಲಿ ಮೇಲೆ ಹೇಳಿದ ತತ್ವವೇ ಅಡಗಿದೆ: ಮೊದಲು ಎಣ್ಣೆ ಹಚ್ಚಿ ನೆನೆಯುವುದು, ಆಮೇಲೆ ಬೆಚ್ಚಗಿನ ನೀರು, ಕೊನೆಗೆ ಪುಡಿ. ಬೆಚ್ಚಗಿನ ಎಳ್ಳೆಣ್ಣೆಯನ್ನಾಗಲಿ ಕೊಬ್ಬರಿ ಎಣ್ಣೆಯನ್ನಾಗಲಿ ಮೈಗೆ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟರೆ ಹೊಟ್ಟು ಮೆತ್ತಗಾಗುತ್ತದೆ, ಎಣ್ಣೆಯ ಮೇಲೆ ಜಾರುವ ಪುಡಿ ಚರ್ಮವನ್ನು ಗೀರುವುದಿಲ್ಲ. ಸೀಗೆಪುಡಿಯಾಗಲಿ ಚುಜ್ಜಲಪುಡಿಯಾಗಲಿ ತಲೆಗೆ ಒಳ್ಳೆಯದೇ ಆದರೂ ಅದು ಜಿಡ್ಡನ್ನು ಬಹಳ ತೆಗೆಯುವುದರಿಂದ ಒಣಚರ್ಮದವರು ಮೈಗೆ ಹೆಸರಿಟ್ಟನ್ನೇ ಬಳಸಿ, ಎಣ್ಣೆಯ ತೆಳುಪಸೆ ಮೈಮೇಲೆ ಉಳಿಯುವಂತೆ ತೊಳೆದುಕೊಳ್ಳುವುದು ಉತ್ತಮ. ಒಂದು ಹನಿಯೂ ಉಳಿಯಬಾರದೆಂದು ಮೂರು ಬಾರಿ ಸಾಬೂನು ಹಾಕುವುದಾದರೆ ಎಣ್ಣೆ ಹಚ್ಚಿದ್ದು ವ್ಯರ್ಥ. ಬಚ್ಚಲ ನೆಲ ಜಾರುತ್ತದೆಂಬುದನ್ನು ಮನೆಯ ಹಿರಿಯರಿಗೆ ನೆನಪಿಸಬೇಕು.

ನೈಲಾನ್ ಜಾಲರಿ ಮತ್ತು ಕತ್ತಿನ ಕಪ್ಪು

ನಾನು ಕಾಲೇಜಿನ ದಿನಗಳಲ್ಲಿ ಬಣ್ಣದ ನೈಲಾನ್ ಜಾಲರಿಯೊಂದನ್ನು ತಂದು ದಿನವೂ ಬೆನ್ನು, ತೋಳು ಉಜ್ಜುತ್ತಿದ್ದೆ; ವರ್ಷ ಕಳೆಯುವಷ್ಟರಲ್ಲಿ ಹೆಗಲ ಮೂಳೆಗಳ ಮೇಲೆ ಅಲೆಯಲೆಯಾದ ಕಂದು ಪಟ್ಟಿಗಳು ಮೂಡಿದ್ದವು. ಕೊಳೆ ಹೋಗುತ್ತಿಲ್ಲವೆಂದು ಇನ್ನೂ ಜೋರಾಗಿ ಉಜ್ಜಿದೆ. ಚರ್ಮವೈದ್ಯರು ಇದನ್ನು ತಿಕ್ಕಾಟದಿಂದ ಬರುವ ಕಪ್ಪು, ಫ್ರಿಕ್ಷನ್ ಮೆಲನೋಸಿಸ್ ಎನ್ನುತ್ತಾರೆ. ಭಾರತೀಯರಲ್ಲಿ ಇದು ಸಾಮಾನ್ಯ, ಮೇಲುಬೆನ್ನು, ಕೊರಳೆಲುಬು, ಮುಂಗಾಲಿನಂಥ ಮೂಳೆಯ ಮೇಲಿನ ಜಾಗಗಳಲ್ಲಿ ಹೆಚ್ಚು. ನಮ್ಮ ಗೋಧಿಬಣ್ಣದ ಹಾಗೂ ಕಪ್ಪುಬಣ್ಣದ ಚರ್ಮ ಯಾವುದೇ ಗಾಯ ಅಥವಾ ಉರಿಗೆ ಬಣ್ಣ ಹೆಚ್ಚಿಸಿಕೊಂಡು ಪ್ರತಿಕ್ರಿಯಿಸುತ್ತದೆ. ಆದ್ದರಿಂದ ಬಿಳಿಚರ್ಮದವರ ಮೇಲೆ ಕೆಂಪಾಗಿ ಮಾಯವಾಗುವ ಗೀರು ನಮ್ಮಲ್ಲಿ ತಿಂಗಳುಗಟ್ಟಲೆ ಕಲೆಯಾಗಿ ಉಳಿಯುತ್ತದೆ. ಮೃದುವಾಗಿ ಉಜ್ಜಿ ಎಂಬುದು ನಮ್ಮ ಪಾಲಿಗೆ ಬರಿಯ ಸೌಜನ್ಯದ ಸಲಹೆಯಲ್ಲ.

ಕತ್ತಿನ ಹಿಂಭಾಗ, ಕಂಕುಳುಗಳಲ್ಲಿ ದಪ್ಪನಾಗಿ ಮಖಮಲ್ಲಿನಂತೆ ಕಾಣುವ ಕಪ್ಪು ಇನ್ನೊಂದು ಬಗೆಯದು. ಮದುವೆ ಹತ್ತಿರವಾದ ಹುಡುಗಿಯರನ್ನು ಕೂರಿಸಿ ಇದನ್ನು ಅಡುಗೆ ಸೋಡಾ, ನಿಂಬೆಹೋಳಿನಿಂದ ತಿಕ್ಕುವುದನ್ನು ನೋಡಿದ್ದೇನೆ. ಅದು ಕೊಳೆಯಲ್ಲ, ಬಹುಪಾಲು ಪ್ರಸಂಗಗಳಲ್ಲಿ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದರ ಹೊರಗುರುತು. ಅಂಥವರು ಸಕ್ಕರೆ ಅಂಶದ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಉಜ್ಜುವುದಕ್ಕಿಂತ ಎಷ್ಟೋ ಪಾಲು ಉಪಯುಕ್ತ.

ಆಮ್ಲವಿರುವ ಸೀರಮ್ ಬಳಸುವವರಿಗೆ

ಉಜ್ಜದೆಯೇ ಬೆಸುಗೆ ಸಡಿಲಿಸುವ ಆಮ್ಲಗಳು ಸರಿಯಾಗಿ ಬಳಸಿದರೆ ಯಾವ ಪುಡಿಗಿಂತಲೂ ಮೃದು, ತಪ್ಪಾಗಿ ಬಳಸಿದರೆ ಎಲ್ಲಕ್ಕಿಂತ ಕಠಿಣ. ಒಣಚರ್ಮದವರಿಗೆ ಲ್ಯಾಕ್ಟಿಕ್ ಆಮ್ಲ ಹೊಂದುತ್ತದೆ, ಅದು ಪದರವನ್ನು ಸಡಿಲಿಸುವುದರ ಜೊತೆಗೆ ನೀರನ್ನೂ ಹಿಡಿದಿಡುತ್ತದೆ. ಗ್ಲೈಕೋಲಿಕ್ ಆಮ್ಲದ ಕಣ ಇನ್ನೂ ಚಿಕ್ಕದಾಗಿದ್ದು ಬೇಗ ಒಳಗಿಳಿಯುತ್ತದೆ, ಉರಿಯೂ ಬೇಗ. ಸ್ಯಾಲಿಸಿಲಿಕ್ ಆಮ್ಲ ಜಿಡ್ಡಿನಲ್ಲಿ ಕರಗುವುದರಿಂದ ಮೊಡವೆ, ಕಪ್ಪುತಲೆಗಳಿರುವ ಜಿಡ್ಡುಚರ್ಮಕ್ಕೆ ಸೂಕ್ತ; ಮಾಗಿಯಲ್ಲಿ ಒಣಗಿದ ಕೆನ್ನೆಗೆ ಅದರ ಕೆಲಸವಿಲ್ಲ. ಮನೆಯಲ್ಲಿ ಬಳಸಲು ಲ್ಯಾಕ್ಟಿಕ್ ಅಥವಾ ಗ್ಲೈಕೋಲಿಕ್ ಶೇಕಡಾ 5ರಿಂದ ಆರಂಭಿಸಿ 10ನ್ನು ದಾಟದಿರುವುದು, ಸ್ಯಾಲಿಸಿಲಿಕ್ ಶೇಕಡಾ 2ನ್ನು ದಾಟದಿರುವುದು ಕ್ಷೇಮ. ಶೇಕಡಾ 30ರ ಕೆಂಪು ದ್ರಾವಣಗಳು ಇಂದು ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆಂಬುದು ಅವನ್ನು ಮನೆಯಲ್ಲಿ ಬಳಸಬಹುದೆಂಬುದಕ್ಕೆ ಆಧಾರವಲ್ಲ.

ಹೊಸ ಸೀಸೆಯನ್ನು ಮೊದಲು ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಎರಡು ರಾತ್ರಿ ಹಚ್ಚಿ ನೋಡಬೇಕು. ತುರಿಕೆ, ಗುಳ್ಳೆ ಕಾಣದಿದ್ದರೆ ವಾರಕ್ಕೊಂದು ರಾತ್ರಿ, ನೀರು ಆರಿದ ಮುಖಕ್ಕೆ ಎರಡು ಮೂರು ಹನಿ, ಅದರ ಮೇಲೆ ಕ್ರೀಮು. ನಾಲ್ಕು ವಾರ ಹೀಗೆ ನಡೆದ ಮೇಲೆ ಬೇಕಿದ್ದರೆ ವಾರಕ್ಕೆ ಎರಡು ರಾತ್ರಿ ಮಾಡಬಹುದು. ಆಮ್ಲ ಹಚ್ಚುವ ವಾರ ಹಿಟ್ಟಾಗಲಿ ಸ್ಕ್ರಬ್ಬಾಗಲಿ ಬೇಡ. ರೆಟಿನಾಲ್ (ವಿಟಮಿನ್ ಎ ವರ್ಗದ ಲೇಪ) ಹಚ್ಚುವ ರಾತ್ರಿ ಆಮ್ಲ ಬೇಡ. ಹುಬ್ಬಿನ ಥ್ರೆಡಿಂಗ್, ವ್ಯಾಕ್ಸಿಂಗ್, ಕ್ಷೌರ ಮಾಡಿಸಿಕೊಂಡ ಜಾಗದಲ್ಲಿ ಎರಡು ದಿನ ಏನೂ ಬೇಡ. ಗರ್ಭಿಣಿಯರು ರೆಟಿನಾಲ್ ಬಳಸಬಾರದು, ಸ್ಯಾಲಿಸಿಲಿಕ್ ವಿಷಯದಲ್ಲಿ ವೈದ್ಯರನ್ನು ಕೇಳಬೇಕು. ಲ್ಯಾಕ್ಟಿಕ್, ಗ್ಲೈಕೋಲಿಕ್ ಆಮ್ಲಗಳು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ, ನಿಲ್ಲಿಸಿದ ಮೇಲೂ ಒಂದು ವಾರ ಆ ಸೂಕ್ಷ್ಮತೆ ಉಳಿಯುತ್ತದೆ. ಆದ್ದರಿಂದ ಬೆಳಗ್ಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನನ್ನು ಎರಡು ಬೆರಳುದ್ದ ಹಿಂಡಿ ಮುಖ, ಕತ್ತಿಗೆ ಹಚ್ಚುವ ಶಿಸ್ತು ಇಲ್ಲದವರು ಆಮ್ಲದ ಗೊಡವೆಗೇ ಹೋಗಬಾರದು.

ಹಿಮ್ಮಡಿ ಒಡೆದವರಿಗೆ ಕಲ್ಲಿಗಿಂತ ಶೇಕಡಾ 10 ಅಥವಾ 20ರ ಯೂರಿಯಾ ಕ್ರೀಮು ಹೆಚ್ಚು ಉಪಕಾರಿ. ರಾತ್ರಿ ಪಾದಗಳನ್ನು ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕಾಲುಜ್ಜುವ ಕಲ್ಲನ್ನು ಒಂದೇ ದಿಕ್ಕಿನಲ್ಲಿ ನಾಲ್ಕೈದು ಸಲ ಆಡಿಸಿ, ಕ್ರೀಮು ಹಚ್ಚಿ ಹತ್ತಿಯ ಕಾಲುಚೀಲ ತೊಟ್ಟು ಮಲಗಬೇಕು. ಮಧುಮೇಹಿಗಳು ಕಲ್ಲನ್ನೂ ಬ್ಲೇಡನ್ನೂ ಮುಟ್ಟಬಾರದು. ಪಾದದ ಸ್ಪರ್ಶಜ್ಞಾನ ಕುಂದಿರುವವರಿಗೆ ಗಾಯವಾದದ್ದೇ ತಿಳಿಯದೆ ಹೋಗಬಹುದು.

ಶಿವರಾತ್ರಿಯ ನಂತರ, ಮತ್ತು ಮಳೆಗಾಲದಲ್ಲಿ

ಶಿವರಾತ್ರಿ ಕಳೆದು ಬಿಸಿಲೇರತೊಡಗಿದಾಗ ಮಾಗಿಯ ದಪ್ಪ ಕ್ರೀಮುಗಳನ್ನು ಒಂದೇ ದಿನ ಬಿಡದೆ ಹಗಲಿನಲ್ಲಿ ತೆಳು ಲೋಷನ್‌ಗೆ, ಆಮೇಲೆ ರಾತ್ರಿಯಲ್ಲೂ ಅದಕ್ಕೇ ಬದಲಾಗಬೇಕು. ಬೆವರು, ಜಿಡ್ಡು, ಧೂಳು ಸೇರಿ ರಂಧ್ರಗಳು ಕಟ್ಟಿಕೊಳ್ಳುವವರು ಕಡಲೆಹಿಟ್ಟನ್ನು ವಾರಕ್ಕೊಮ್ಮೆ ಬಳಸಬಹುದು. ಬಿಸಿಲು ಉಗ್ರವಾಗಿರುವ ಏಪ್ರಿಲ್–ಮೇ ತಿಂಗಳುಗಳಲ್ಲಿ, ವಿಶೇಷವಾಗಿ ಹೊಲ, ರಸ್ತೆ, ಬೈಕುಗಳ ಮೇಲೆ ದಿನ ಕಳೆಯುವವರು, ಆಮ್ಲಗಳನ್ನು ನಿಲ್ಲಿಸುವುದು ಅಥವಾ ಹದಿನೈದು ದಿನಕ್ಕೊಮ್ಮೆ ಇಳಿಸುವುದು ಒಳಿತು. ಬೆವರುಸಾಲೆ ಎದ್ದಾಗ ಉಜ್ಜಬಾರದು.

ಮುಂಗಾರಿನಲ್ಲಿ ಎದೆ, ಬೆನ್ನುಗಳ ಮೇಲೆ ಹೊಟ್ಟಿನೊಂದಿಗೆ ಕಾಣುವ ಮಚ್ಚೆ ಸಿಬ್ಬಾಗಿರಬಹುದು, ತೊಡೆಸಂದಿನಲ್ಲಿ ಅಂಚು ಕೆಂಪಾಗಿ ಉಂಗುರದಂತೆ ಹರಡುವುದು ಹುಳುಕಡ್ಡಿಯಾಗಿರಬಹುದು. ಎರಡೂ ಶಿಲೀಂಧ್ರದ ಸೋಂಕುಗಳು. ಉಜ್ಜಿದರೆ ಹೋಗುವುದಿಲ್ಲ, ಹುಳುಕಡ್ಡಿಯಂತೂ ಬೇರೆ ಜಾಗಕ್ಕೂ ಹಬ್ಬುತ್ತದೆ. ಔಷಧದಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಟ್ಯೂಬುಗಳು ಸೋಂಕನ್ನು ಮರೆಮಾಚಿ ಬೆಳೆಸುವುದರಿಂದ ಚರ್ಮವೈದ್ಯರಿಗೇ ತೋರಿಸಬೇಕು. ಇಸುಬು, ಸೋರಿಯಾಸಿಸ್ ಇರುವವರಿಗೆ ಯಾವ ಋತುವಿನಲ್ಲೂ ತಿಕ್ಕಾಟ ಸಲ್ಲ. ಸೋರಿಯಾಸಿಸ್‌ನಲ್ಲಿ ಗೀರಿದ ಜಾಗದಲ್ಲೇ ಹೊಸ ಪಟ್ಟೆ ಏಳುವುದುಂಟು.

ಹೀರೇಕಾಯಿಯ ನಾರು ಬಳಸುವವರು ಅದನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಪಾದ, ಮೊಣಕೈಗಳಿಗೆ ಮಾತ್ರ ಉಪಯೋಗಿಸಿ, ಪ್ರತಿ ಸಲವೂ ಹಿಂಡಿ ಬಿಸಿಲಿಗೆ ಹಾಕಬೇಕು, ತಿಂಗಳಿಗೊಮ್ಮೆ ಬದಲಿಸಬೇಕು, ಮನೆಯವರೆಲ್ಲ ಒಂದನ್ನೇ ಹಂಚಿಕೊಳ್ಳಬಾರದು. ಆಗುಂಬೆಯಂಥ ಊರುಗಳಲ್ಲಿ ಆಷಾಢದ ಮಳೆಗೆ ನಾರು ವಾರಗಟ್ಟಲೆ ಒಣಗುವುದಿಲ್ಲ, ಒಳಗೊಳಗೇ ಬೂಸ್ಟು ಹಿಡಿಯುತ್ತದೆ. ಅಲ್ಲಿಯವರು ಆ ಎರಡು ಮೂರು ತಿಂಗಳು ನಾರನ್ನು ಬದಿಗಿಟ್ಟು ಬರಿಗೈಯಿಂದಲೇ ಮೈ ತೊಳೆದುಕೊಂಡರೆ ಆಯಿತು.